ಟೀಚರಮ್ಮನ ಮನೆಯಲ್ಲಿ ಯಾರೂ ಇಲ್ಲ

ಟೀಚರಮ್ಮನ ಅಡಿಗೆಮನೆ,
ಭಾನುವಾರ, ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ

ಪ್ರೀತಿಯ ಅಮ್ಮಾ,

ಹೇಗಿದೀಯಾ? ಮಂಡಿ ನೋವು ಹೇಗಿದೆ? "ಪರವಾಗಿಲ್ಲ" ಅಂತ ಮಾತ್ರ ಬರೆಸಿ ಕಳಿಸಬೇಡ, ನಿನ್ನ ಪರವಾಗಿಲ್ಲ ಅಂದ್ರೆ ಏನು ಅಂತ ನನಗೆ ಚೆನ್ನಾಗಿ ಗೊತ್ತು. ಹೊಲಿಗೆ ಮೆಷಿನ್ ತುಳಿಯೋದು ಬಿಡಿ ಅಂತ ಡಾಕ್ಟ್ರು ಹೇಳಿದ್ದಕ್ಕೆ ನೀನು ಆ ಡಾಕ್ಟ್ರ ಹತ್ರ ಹೋಗೋದನ್ನೇ ಬಿಟ್ಟೆಯಂತೆ. ಯಾರು ಹೇಳಿದ್ದು ಅಂತ ಕೇಳಬೇಡ, ನನಗೂ ಅಲ್ಲಿ ಒಬ್ಬಳು ವರದಿಗಾರ್ತಿ ಇದಾಳೆ. ಈ ಪತ್ರ ನಿನಗೆ ಓದಿ ಹೇಳ್ತಿರೋದೂ ಅವಳೇ ಅಂತ ಗೊತ್ತು. ಪುಟ್ಟೀ, ಅಜ್ಜಿ "ಅದನ್ನ ಬಿಡು, ಮುಂದಕ್ಕೆ ಓದು" ಅಂದ್ರೆ ಬಿಡಬೇಡ ಮಗಳೇ, ಒಂದಕ್ಷರ ಬಿಡದೆ ಓದು. ಅಪ್ಪನ ಕೈಬರಹ ಕಾಗೆ ಕಾಲು ಗುಬ್ಬಿ ಕಾಲು ಅಂತ ನಗಬೇಡ, ಈಗ ಈ ಕೈಯಲ್ಲಿ ಸೌಟು ಹಿಡಿದೇ ಅಭ್ಯಾಸ.

ಇಷ್ಟುದ್ದ ಬರೆಯೋ ಬದಲು ಫೋನ್ ಮಾಡಬಾರದಾಗಿತ್ತಾ ಅಂತೀಯಾ. ಅಲ್ಲಮ್ಮಾ, ಫೋನಲ್ಲಿ ನೀನು ನನಗೆ ಮಾತಾಡೋಕೆ ಬಿಟ್ಟಿದ್ದು ಯಾವಾಗ? ಊಟ ಆಯ್ತಾ ಅಂತ ಕೇಳ್ತೀಯ, ನಾನು "ಹೂಂ" ಅನ್ನೋದ್ರೊಳಗೆ ಪಕ್ಕದ ಬೀದಿ ಮದುವೆ ಮುರಿದುಬಿದ್ದ ಕಥೆ ಶುರು. ಅದು ಮುಗಿಯೋ ಹೊತ್ತಿಗೆ ಫೋನಿನ ಕಾರ್ಡೂ ಮುಗಿದಿರುತ್ತೆ. ಈ ಸಲ ಹೇಳಬೇಕಾಗಿರೋದು ತುಂಬಾ ಇದೆ, ನಡುವೆ ಬಾಯಿ ಹಾಕೋಕೆ ನಿನಗೆ ಅವಕಾಶ ಕೊಡಬಾರದು ಅಂತಲೇ ಬರೀತಿದೀನಿ.

ನಿನಗೆ ಗೊತ್ತಿರೋದೇ ಆದ್ರೂ ಪುಟ್ಟಿಗೋಸ್ಕರ ಮೊದಲಿಂದ ಹೇಳ್ತೀನಿ. ನಾನಿರೋದು ಟೀಚರಮ್ಮನ ಮನೆ, ಮೂರನೇ ಮಹಡಿ. ಟೀಚರಮ್ಮ ಅಂದ್ರೆ ಹಳೇ ಕಾಲದ ಸ್ಕೂಲ್ ಟೀಚರು, ಎಂಬತ್ತು ದಾಟಿ ಎಷ್ಟೋ ವರ್ಷ ಆಯ್ತು. ಕಾಲು ಎರಡೂ ಸೋತಿವೆ, ಬಾಯಿ ಮಾತ್ರ ಇನ್ನೂ ಕ್ಲಾಸ್ ರೂಮಲ್ಲೇ ಇದೆ. ಅವರಿಗೆ ಅಡಿಗೆ ಮಾಡೋದು, ಮಾತ್ರೆ ಕೊಡೋದು, ಸ್ನಾನಕ್ಕೆ ನೀರು ಹದ ಮಾಡೋದು, ತಲೆ ಬಾಚೋದು, ಬಟ್ಟೆಗೆ ಇಸ್ತ್ರಿ, ನೆಲಕ್ಕೆ ಒರೆಸೋ ಬಟ್ಟೆ, ಎಲ್ಲಾ ನಾನೇ. ನೀನು ನಗ್ತಿದೀಯ, ನನಗೆ ಇಲ್ಲಿಗೇ ಕೇಳಿಸ್ತಿದೆ. ಕುಡಿದ ಲೋಟ ಎತ್ತಿಡದವನು, ಒದ್ದೆ ಟವಲನ್ನ ಹಾಸಿಗೆ ಮೇಲೆ ಎಸೆದು ಹೋಗ್ತಿದ್ದವನು, ನೀನೇ ಹೆಸರಿಟ್ಟ ಹಾಗೆ ಮಹಾರಾಜ! ಆ ಮಹಾರಾಜನೇ ಈಗ ಮುದುಕಮ್ಮನ ಜಡೆ ಹೆಣೀತಾನೆ, ಅದೂ ಎರಡೆಳೆ ಎದ್ದು ನಿಂತ್ರೆ ಬೈಸಿಕೊಂಡು. ನಿನ್ನ ಸೊಸೆ ಊರಾಚೆ ತೋಟದಲ್ಲಿ ಟೊಮೆಟೊ ಬಿಡಿಸ್ತಾಳೆ, ಅಲ್ಲೇ ತಗಡಿನ ಮನೇಲಿ ಬೇರೆ ಹೆಂಗಸರ ಜೊತೆ ಇರ್ತಾಳೆ, ಭಾನುವಾರ ಬಸ್ಸು ಹತ್ತಿ ಬರ್ತಾಳೆ. ಇಬ್ಬರಿಗೂ ಕೆಲಸ ಇದೆ, ಆದ್ರೆ ಈ ದೇಶದಲ್ಲಿರೋಕೆ ಸರ್ಕಾರ ಕೊಡೋ ಕಾಗದ ಇಬ್ಬರಿಗೂ ಇಲ್ಲ. ಇಲ್ಲಿಂದ ಹೊರಟು ಊರಿಗೆ ಬರೋದು ಕಷ್ಟ ಅಲ್ಲ, ಬಂದ್ರೆ ಮತ್ತೆ ಒಳಗೆ ಬಿಡಲ್ಲ. ಅದಕ್ಕೇ ಪುಟ್ಟಿ ಅಂಬೆಗಾಲಿಡೋವಾಗ ಬಿಟ್ಟು ಬಂದವರು ಇನ್ನೂ ಬರೋಕಾಗಿಲ್ಲ.

ಕಾಗದ ಇಲ್ಲದವನ ಮೊದಲ ಪಾಠ, ಬಾಗಿಲ ಬೆಲ್ ಆದ್ರೆ ಇಲ್ಲದ ಹಾಗಾಗೋದು. ಟೀಚರಮ್ಮನೂ ನಾನೂ ಇದನ್ನ ಎಷ್ಟು ಚೆನ್ನಾಗಿ ಕಲ್ತಿದೀವಿ ಅಂದ್ರೆ, ಬೆಲ್ ಆದ ಕೂಡಲೇ ನಾನು ಕೈಯಲ್ಲಿದ್ದದ್ದನ್ನ ಹಿಡ್ಕೊಂಡೇ ಅಡಿಗೆಮನೆ ಹಿಂದಿನ ಸ್ಟೋರ್ ರೂಮಿಗೆ ನುಗ್ತೀನಿ, ಹಳೇ ಹಾಸಿಗೆಗೂ ಇಸ್ತ್ರಿ ಮೇಜಿಗೂ ನಡುವೆ ಸೇರ್ಕೋತೀನಿ. ಟೀಚರಮ್ಮ ಕೋಲೂರಿಕೊಂಡು ಬಾಗಿಲಿಗೆ ಹೋಗಿ, ಬಂದವನು ಮೀಟರ್ ನೋಡೋನಿರಲಿ ಪೋಸ್ಟಿನವನಿರಲಿ, "ಮನೇಲಿ ನಾನೊಬ್ಬಳೇ, ಬೇರೆ ಯಾರೂ ಇಲ್ಲ" ಅಂತಾರೆ. ಯಾರೂ ಕೇಳದೆ ಇದ್ರೂ ಅಂತಾರೆ! ನೀನೂ ಪುಟ್ಟಿಗೆ ಹೀಗೇ ಕಲಿಸಿದೀಯಲ್ಲ, ಯಾರ ಬಾಯಿಂದ ಯಾರ ಕಿವಿಗೆ ಹೋಗುತ್ತೋ ಅನ್ನೋ ಭಯಕ್ಕೆ, ಯಾರಾದ್ರೂ ಅಪ್ಪನ ವಿಚಾರ ಕೇಳಿದ್ರೆ ಗೊತ್ತಿಲ್ಲ ಅನ್ನು ಅಂತ. ಒಂದ್ಸಲ ತಮಾಷೆ ನೋಡೋಣ ಅಂತ ನಾನೇ ಅಂಗಡಿ ಫೋನಿಂದ ಗಂಟಲು ಬದಲಾಯಿಸಿ "ನಿಮ್ಮಪ್ಪ ಇದಾರೇನಮ್ಮಾ" ಅಂತ ಕೇಳಿದ್ದೆ. "ನಮ್ಮಪ್ಪ ಇಲ್ಲಿಲ್ಲ, ಎಲ್ಲಿದಾರೋ ನಂಗೊತ್ತಿಲ್ಲ" ಅಂದು ಪಟ್ ಅಂತ ಇಟ್ಟಳು. ಭೇಷ್ ಅಂದುಕೊಂಡೆ, ನಕ್ಕೆ. ಆಮೇಲೆ ಅಂಗಡಿಯವನು ಕೊಟ್ಟ ಚಿಲ್ಲರೆ ಅಲ್ಲೇ ಮರೆತು ಬಂದೆ.

ಇರಲಿ, ವಿಷಯಕ್ಕೆ ಬರ್ತೀನಿ. ಇಲ್ಲಿನ ಸರ್ಕಾರಕ್ಕೆ ಏನನ್ನಿಸ್ತೋ ಏನೋ, ಮನೆಗೆಲಸ ತೋಟದ ಕೆಲಸ ಮಾಡೋರಿಗೆ ಕಾಗದ ಕೊಡ್ತೀವಿ ಅಂತ ಸಾರಿಬಿಡ್ತು. ಕೆಲಸ ಕೊಟ್ಟವರು "ಹೌದು, ಇವನು ನಮ್ಮಲ್ಲೇ ಇದಾನೆ" ಅಂತ ಒಪ್ಪಿಕೊಳ್ಳಬೇಕು, ಇನ್ಸ್‌ಪೆಕ್ಟರು ಬಂದು ಕಣ್ಣಾರೆ ನೋಡಬೇಕು, ಅಷ್ಟೇ. ತೋಟಕ್ಕೆ ಮೊದಲು ಬಂದ್ರಂತೆ. ಗೊತ್ತಿಲ್ಲದ ಜೀಪು ಕಂಡಿದ್ದೇ ತಡ, ಟೊಮೆಟೊ ಬುಟ್ಟಿ ಅಲ್ಲಲ್ಲೇ ಬಿಟ್ಟು ಅಷ್ಟೂ ಜನ ಪಕ್ಕದ ಜೋಳದ ಹೊಲಕ್ಕೆ ನುಗ್ಗಿ ಮಾಯ. ತೋಟದ ಯಜಮಾನ ತರಕಾರಿ ವ್ಯಾನಿನ ಮೈಕು ಹಿಡ್ಕೊಂಡು ಬದುವಿನ ಮೇಲೆ ಓಡಾಡ್ತಾ, "ಬನ್ರೋ, ಹಿಡಿಯೋಕಲ್ಲ, ಕೊಡೋಕೆ ಬಂದಿದಾರೆ" ಅಂತ ಗಂಟಲು ಹರ್ಕೊಂಡನಂತೆ. ಒಬ್ಬರೂ ಈಚೆ ಬರಲಿಲ್ಲ. ನಿನ್ನ ಸೊಸೆ ಬೂಟು ಕೆಸರಲ್ಲಿ ಹೂತು ಓಡೋಕಾಗದೆ ಅಲ್ಲೇ ನಿಂತಿದ್ದಳಂತೆ. ಎದುರಿಗೆ ಸಿಕ್ಕಿದ್ದು ಅವಳೊಬ್ಬಳೇ, ಆ ದಿನ ಅವಳೊಬ್ಬಳ ಹೆಸರೇ ಬರ್ಕೊಂಡು ಹೋದ್ರು. ಉಳಿದವರಿಗೋಸ್ಕರ ಯಜಮಾನ ಮತ್ತೆ ಕರೆಸಬೇಕಾಯ್ತು. ಇವಳು ಮಾತ್ರ ಆವತ್ತಿಂದ ನನ್ನ ಮುಂದೆ ತಾನೇನೋ ಮಹಾ ಧೈರ್ಯ ಮಾಡಿ ನಿಂತವಳ ಹಾಗೆ ಓಡಾಡ್ತಿದಾಳೆ. ಬೂಟಿನ ಮಾತೆತ್ತಿದ್ರೆ ಮುನಿಸು.

ನಮ್ಮ ಮನೆಗೂ ಬರ್ತಾರೆ, ಯಾವತ್ತು ಅಂತ ಗೊತ್ತಿಲ್ಲ, ಬಂದಾಗ ಇವನನ್ನ ತೋರಿಸಮ್ಮಾ ಅಂತ ಟೀಚರಮ್ಮನ ಮಗ ಬಂದು ಇಬ್ಬರಿಗೂ ಬಿಡಿಸಿ ಬಿಡಿಸಿ ಹೇಳಿ ಹೋಗಿದ್ದ. ಅವನು ಬೇರೆ ಊರಲ್ಲಿರೋದು, ಒಳ್ಳೇ ಮನುಷ್ಯ. ಇಬ್ಬರೂ ತಲೆ ಆಡಿಸಿದ್ವಿ. ಆ ದಿನ ನಾನು ಆಲೂಗೆಡ್ಡೆ ಹುರೀತಿದ್ದೆ. ಬೆಲ್ ಆಯ್ತು. ಅಮ್ಮಾ, ದೇವರಾಣೆ, ನಾನು ಯೋಚನೆ ಮಾಡಲೇ ಇಲ್ಲ, ಕಾಲುಗಳೇ ಕರ್ಕೊಂಡು ಹೋದ್ವು. ಬಾಣಲೆ ಸಮೇತ ಸ್ಟೋರ್ ರೂಮು ಸೇರಿಬಿಟ್ಟೆ. ಹೊರಗೆ ಶೂ ಕಿರುಗುಟ್ಟೋ ಸದ್ದು. ಟೀಚರಮ್ಮ ಇದ್ದಾರಲ್ಲ, ಆವತ್ತು ಅವರ ನಾಟಕ ನೋಡಬೇಕಿತ್ತು, ನಾನಂತೂ ಬಾಗಿಲ ಸಂದಿಯಿಂದ ನೋಡಿದೆ. "ಈ ನೆಲ ಒರೆಸಿದ್ದು ಯಾರು ಅಂದ್ಕೊಂಡ್ರಿ? ನಾನೇ! ಈ ಕಿಟಕಿ ಗಾಜು? ನಾನೇ! ನನಗೆ ಯಾರ ಹಂಗೂ ಇಲ್ಲ" ಅಂತ ಕೋಲಲ್ಲಿ ತೋರಿಸಿ ತೋರಿಸಿ ಹೇಳ್ತಿದಾರೆ. ಬಂದವನು ಮೂಗು ಅರಳಿಸಿ, ಏನೋ ಹುರಿದ ವಾಸನೆ ಘಮ್ ಅಂತಿದೆಯಲ್ಲ ಅಂದ. "ನಾನೇ ಹುರಿದೆ, ನಾನೇ ತಿಂದೆ, ಪೂರ್ತಿ ತಿಂದೆ" ಅಂದ್ರು ಟೀಚರಮ್ಮ. ಇತ್ತ ಬಾಣಲೆ ಕಾವಿಗೆ ನನ್ನ ಅಂಗೈ ಚುರ್ ಅಂತಿದೆ, ಆದ್ರೂ ನಾನು ಹಾಂ ಇಲ್ಲ ಹೂಂ ಇಲ್ಲ. ಈ ವಯಸ್ಸಲ್ಲಿ ಇಷ್ಟು ಮಾಡ್ತೀರಲ್ಲ ತಾಯಿ ಅಂತ ಆತ ಕೈ ಮುಗಿಯೋದೊಂದು ಬಾಕಿ, ಹೊಗಳಿ ಬರ್ಕೊಂಡು ಹೋದ.

ಆಮೇಲಿನದು ಕೇಳು. ಬಾಗಿಲು ಹಾಕಿದ ಕೂಡಲೇ ನಾವಿಬ್ಬರೂ ಗೆದ್ದ ಖುಷೀಲಿ ಕುಣಿಯೋದೊಂದು ಕಡಿಮೆ. ನಾನು ಅವರ ನಾಟಕ ಹೊಗಳಿದೆ, ಅವರು ನನ್ನ ಚುರುಕು ಹೊಗಳಿದ್ರು. ಬಹುಮಾನಕ್ಕೆ ಅಂತ ಟೀಗೆ ಇನ್ನೊಂದು ಚಮಚ ಸಕ್ಕರೆ ಕೇಳಿದ್ರು, ನಾನೂ ಹೋಗ್ಲಿ ಅಂತ ಹಾಕಿದೆ. ಇಬ್ಬರೂ ಕೂತು ಆರಿದ ಆಲೂಗೆಡ್ಡೆ ತಿಂತಾ, ಬಂದವನು ಯಾರಿರಬಹುದು, ಅಷ್ಟೊಂದು ಯಾಕೆ ಬರ್ಕೊಂಡ ಅಂತ ಮಾತಾಡ್ತಾ ಇದ್ವಿ. ಟೀಚರಮ್ಮ ಕಪ್ಪನ್ನ ಮೆಲ್ಲಗೆ ಕೆಳಗಿಟ್ರು. ನನ್ನ ಮುಖ ನೋಡಿದ್ರು. ನಾನು ಅವರ ಮುಖ ನೋಡಿದೆ. "ಅಯ್ಯೋ ಕರ್ಮ!" ಅಂದ್ರು, ನಮ್ಮ ಭಾಷೇಲೇ. ಆ ಮಾತು ನನ್ನಿಂದ ಕಲ್ತಿದ್ದು, ಅದರ ಕಥೆ ಆಮೇಲೆ ಹೇಳ್ತೀನಿ. ಕಾಗದ ಕೊಡೋಕೆ ಮನೆ ಬಾಗಿಲಿಗೆ ಬಂದವನಿಗೆ ಇವನು ಇಲ್ಲವೇ ಇಲ್ಲ ಅಂತ ಹೇಳಿ ಕಳಿಸಿದ್ವಿ ಅಮ್ಮಾ. ನಾನು ಸ್ಟೋರ್ ರೂಮಿಗೆ ಹೋಗಿ ಗೋಡೆಗೆ ತಲೆ ಚಚ್ಕೊಂಡೆ. ಟೀಚರಮ್ಮ ಆ ರಾತ್ರಿ ಊಟ ಮಾಡಲಿಲ್ಲ.

ಮಾರನೇ ದಿನ ಸಂಜೆ ಅವರ ಮಗನ ಫೋನು. ಕಿವಿಯಿಂದ ದೂರ ಹಿಡಿದ್ರೂ ಕೇಳಿಸೋ ಹಾಗೆ ಕೂಗಾಡಿದ. ಇನ್ಸ್‌ಪೆಕ್ಟರು ಇಷ್ಟಕ್ಕೇ ಬಿಟ್ಟಿರಲಿಲ್ಲ, ಇಳಿದು ಹೋಗೋವಾಗ ಅಕ್ಕಪಕ್ಕದಲ್ಲೂ ವಿಚಾರಿಸಿದ್ದನಂತೆ. ಕೆಳಗಿನ ಬ್ರೆಡ್ ಅಂಗಡಿಯವನು, "ಪಾಪ, ಒಂಟಿ ಮುದುಕಿ, ದಿನಾ ತಾನೇ ಇಳಿದು ಬಂದು ಬ್ರೆಡ್ ತಗೊಂಡು ಹೋಗ್ತಾಳೆ" ಅಂದನಂತೆ. ಟೀಚರಮ್ಮ ಮೆಟ್ಟಿಲು ಇಳಿದು ವರ್ಷಗಳೇ ಆದ್ವು! ದಿನಾ ಬ್ರೆಡ್ ತರೋನು ನಾನು. ಎದುರು ಮನೆ ಹೆಂಗಸಂತೂ, ಆ ಮನೇಲಿ ಗಂಡಸಿನ ನೆರಳೂ ನೋಡಿಲ್ಲ ಅಂತ ಆಣೆ ಹಾಕಿದಳಂತೆ. ಟೆರೇಸಲ್ಲಿ ಅವಳ ಹಗ್ಗದ ಪಕ್ಕದಲ್ಲೇ ನಾನು ಬಟ್ಟೆ ಒಣಹಾಕೋದು. ಇಷ್ಟು ದಿನ ನಾನು ಮಹಾ ಬುದ್ಧಿವಂತ, ಯಾರ ಕಣ್ಣಿಗೂ ಬಿದ್ದಿಲ್ಲ ಅಂದ್ಕೊಂಡಿದ್ದೆ. ನೋಡಿದ್ರೆ ಇಡೀ ಬೀದಿಗೇ ಗೊತ್ತು, ಎಲ್ಲರೂ ಸೇರಿ ನನ್ನನ್ನ ಬಚ್ಚಿಟ್ಟಿದಾರೆ. ನನಗೆ ಅಳು ಬಂತಮ್ಮಾ. ಜೊತೆಗೆ ಇವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬಾಯಿಗೆ ಬಂದ ಹಾಗೆ ಬೈಬೇಕು ಅಂತಲೂ ಅನ್ನಿಸ್ತು.

ಮಗ ಆ ಆಫೀಸಿನವರ ಕೈಕಾಲು ಹಿಡಿದು ಇನ್ನೊಂದು ಸಲ ನೋಡೋಕೆ ಒಪ್ಪಿಸಿದ. ಇದೇ ಕೊನೆ, ಇವನು ಇಲ್ಲೇ ಇದಾನೆ ಅನ್ನೋದಕ್ಕೆ ಗುರುತು ಬೇಕು ಅಂದ್ರಂತೆ. ಗುರುತಿಗೆ ನಾನೆಲ್ಲಿಗೆ ಹೋಗಲಿ? ನನ್ನ ಹಾಸಿಗೆ ಬೆಳಗಾದ್ರೆ ಮಡಿಚಿ ಪೆಟ್ಟಿಗೆ ಒಳಗೆ. ನನ್ನ ತಟ್ಟೆ ತೊಳೆದು ಅವರ ತಟ್ಟೆಗಳ ನಡುವೆ. ಬ್ರಷ್ಷು ಜೇಬಲ್ಲಿ. ಹಾಕ್ಕೊಳ್ಳೋದು ಟೀಚರಮ್ಮನ ತೀರಿಹೋದ ಯಜಮಾನರ ಬಟ್ಟೆ, ನನ್ನಂಥ ಇನ್ನೊಬ್ಬನಿಗೂ ಜಾಗ ಇರೋ ಅಂಗಿ. ಇಡೀ ಮನೆ ಜಾಲಾಡಿದ್ರೂ ನಾನು ಇದೀನಿ ಅನ್ನೋಕೆ ಒಂದು ಕೂದಲೂ ಸಿಗಲಿಲ್ಲ. ಭಾನುವಾರ ಬಂದ ನಿನ್ನ ಸೊಸೆ ಮನೆಯೆಲ್ಲ ಒಂದು ಸುತ್ತು ಹಾಕಿ, ಸೊಂಟದ ಮೇಲೆ ಕೈ ಇಟ್ಕೊಂಡು, "ಇಷ್ಟು ಅಚ್ಚುಕಟ್ಟು ನಮ್ಮನೇಲಿ ಇದ್ದಾಗ ಎಲ್ಲಿ ಹೋಗಿತ್ತು?" ಅಂತ ಶುರು ಮಾಡಿದಳು. ಆಮೇಲೆ ಉಪಾಯ ಹೇಳಿಕೊಟ್ಟಳು: ಒದ್ದೆ ಟವಲ್ ಹಾಸಿಗೆ ಮೇಲೆ ಎಸಿ, ಕುಡಿದ ಲೋಟ ಕಿಟಕೀಲಿ ಬಿಡು, ಚಪ್ಪಲಿ ಒಂದು ಅಲ್ಲಿ ಒಂದು ಇಲ್ಲಿ, ಮೊದಲಿನ ಹಾಗೆ ಮಹಾರಾಜ ಆಗು. ಆಗೋಕೇ ಬರಲಿಲ್ಲ ಕಣಮ್ಮಾ! ಟವಲ್ ಎಸೆದು ಈಚೆ ಬರ್ತೀನಿ, ಬೆರಳು ತುರಿಸುತ್ತೆ, ಹೋಗಿ ಮಡಿಚಿ ಇಟ್ಟು ಬರ್ತೀನಿ. ನೀನು ಅಷ್ಟು ವರ್ಷ ಕೂಗಾಡಿ ಕಲಿಸೋಕಾಗದ್ದು ಹೀಗೆ ಅಂಟಿಕೊಂಡುಬಿಟ್ಟಿದೆ.

ಬಂತು ಆ ದಿನ. ಮಗ ಮೊದಲೇ ಬಂದು ಕುರ್ಚಿ ತುದೀಲಿ ಬೆವರ್ತಾ ಕೂತಿದ್ದ. ಟೀಚರಮ್ಮ ನನ್ನ ನಂಬದೆ ತಮ್ಮ ಕುರ್ಚಿಯನ್ನ ಸ್ಟೋರ್ ರೂಮಿನ ಬಾಗಿಲಿಗೇ ಅಡ್ಡ ಹಾಕಿಸಿಕೊಂಡು ಕೂತಿದ್ರು. ಒಳ್ಳೇದೇ ಆಯ್ತು, ಯಾಕಂದ್ರೆ ಬೆಲ್ ಆದ ಕೂಡಲೇ ನಾನು ಟವಲ್ ಬಾಚ್ಕೊಂಡು ನುಗ್ಗಿದವನು ಅವರ ಕೋಲಿಗೆ ಎಡವಿ ನಿಂತೆ. ಇನ್ಸ್‌ಪೆಕ್ಟರು ಬಂದ, ಶೂ ಕಿರುಗುಟ್ಟಿಸ್ತಾ ಎಲ್ಲ ನೋಡಿದ, ಏನೂ ಸಿಗಲಿಲ್ಲ. ಕೇಳಿದ್ದಕ್ಕೆಲ್ಲ ನಾವು ಬಾಯಿಪಾಠ ಒಪ್ಪಿಸೋ ಹಾಗೆ ಒಪ್ಪಿಸಿದ್ವಿ, ಅದೇ ಅವನಿಗೆ ಅನುಮಾನ. "ಆವತ್ತು ಯಾರೂ ಇರಲಿಲ್ಲ. ಅಕ್ಕಪಕ್ಕದವರೂ ಇಲ್ಲ ಅಂದ್ರು. ನಿನ್ನೆ ಮೊನ್ನೆ ಯಾರನ್ನೋ ತಂದು ನಿಲ್ಲಿಸಿದ್ದೀರಿ" ಅಂದು ಪೆನ್ನಿನ ಮುಚ್ಚಳ ಹಾಕಿಬಿಟ್ಟ. ಆ ಮುಚ್ಚಳದ ಸದ್ದಿಗೆ ನಿನ್ನ ಮುಖ, ಪುಟ್ಟಿ ಮುಖ ಎರಡೂ ಕಣ್ಣ ಮುಂದೆ ಬಂದು ಹೋದ್ವು.

ಇನ್ನೇನು ಆತ ಏಳಬೇಕು, ಟೀಚರಮ್ಮ ನನ್ನ ಪರವಾಗಿ ಒಂದು ಒಳ್ಳೇ ಮಾತು ಹೇಳೋಕೆ ಹೋದ್ರು. ಇವನ ಅಡಿಗೆ ಚೆನ್ನಾಗಿರುತ್ತೆ, ಆದ್ರೆ ಉಪ್ಪು ಹಾಕಲ್ಲ, ಜಿಪುಣ ಅಂದ್ರು. ನನಗೆ ಎಲ್ಲಿತ್ತೋ ಸಿಟ್ಟು! ಉಪ್ಪು ಬೇಡ ಅಂದಿದ್ದು ಡಾಕ್ಟ್ರು, ನಾನೇನು ಮಾಡಲಿ ಅಂದೆ. ಆ ಡಾಕ್ಟ್ರು ನನ್ನ ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿದ್ದ ದಡ್ಡ ಅಂದ್ರು. ಮೊನ್ನೆ ನಾನು ಬ್ರೆಡ್ ತರೋಕೆ ಹೋದಾಗ ಉಪ್ಪಿನ ಡಬ್ಬ ಕದ್ದಿದ್ದು ಯಾರು ಅಂದೆ. ಅದು ನನ್ನ ಮನೆ ಡಬ್ಬ, ಕದಿಯೋದೆಲ್ಲಿ ಬಂತು ಅಂದ್ರು. ದಿನಾ ನಡೆಯೋ ಜಗಳ ಇದು, ಇನ್ಸ್‌ಪೆಕ್ಟರು ಇರೋದೇ ಮರೆತುಹೋಯ್ತು. ಸಿಟ್ಟು ನೆತ್ತಿಗೇರಿದಾಗ ಅವರ ಭಾಷೆ ನನಗೆ ಸಾಲೋದಿಲ್ಲ, ನಮ್ಮ ಭಾಷೆಗೇ ಬಂದೆ. "ಹೇಳಿದ್ದು ಕಿವಿಗೆ ಬೀಳಲ್ವಾ? ಬಾಯ್ಮುಚ್ಕೊಂಡು ಕೊಟ್ಟಿದ್ದು ತಿನ್ನಿ!" ಅಂದೆ. ಟೀಚರಮ್ಮ ಕೋಲನ್ನ ನೆಲಕ್ಕೆ ಕುಟ್ಟಿ, ಕತ್ತು ಒಂದು ಕಡೆ ವಾಲಿಸಿ, ಅಂಗೈ ಬೀಸಿ, "ತಲೆ ತಿನ್ಬೇಡ್ವೋ ಮುಂಡೇದೇ, ದೊಡ್ಡ ಮಹಾರಾಜ ಬಂದ್ಬಿಟ್ಟ!" ಅಂದ್ರು.

ನಿನ್ನ ಮಾತು ಅಮ್ಮಾ. ನಿನ್ನದೇ ರಾಗ, ನಿನ್ನದೇ ಕೈ ಬೀಸು. ಇಲ್ಲಿ ನನ್ನನ್ನ ಬೈಯೋರು ಯಾರಿದಾರೆ ಹೇಳು? ಹಾಲು ಉಕ್ಕಿಸಿದಾಗ, ಇಸ್ತ್ರಿ ಸುಟ್ಟಾಗ ನನ್ನನ್ನ ನಾನೇ ಬೈಕೋತೀನಿ, ನಿನ್ನ ಮಾತಲ್ಲೇ, ಗಟ್ಟಿಯಾಗಿ. ಕೇಳಿಸ್ಕೊಂಡ್ರೆ ಊರಲ್ಲಿದ್ದ ಹಾಗಿರುತ್ತೆ. ಟೀಚರಮ್ಮ ಅದನ್ನೆಲ್ಲ ಕೂತಲ್ಲೇ ಒಂದೊಂದಾಗಿ ಕಲ್ತುಬಿಟ್ಟಿದಾರೆ. ಇನ್ಸ್‌ಪೆಕ್ಟರು ಪೆನ್ನು ಹಿಡ್ಕೊಂಡು ಹಾಗೇ ನಿಂತ. ಇದು ಯಾವ ಭಾಷೆ ಅಂತ ಕೇಳಿದ. ಇವನದು ಅಂದ್ರು ಟೀಚರಮ್ಮ. ನಿಮಗೆ ಹೇಗೆ ಬಂತು ಅಂದ. ಕೇಳಬೇಕಾ, ಟೀಚರಮ್ಮ ಕುರ್ಚೀಲಿ ನೆಟ್ಟಗೆ ಕೂತು ಪಾಠ ಒಪ್ಪಿಸಿದ್ರು: ಸೋಮಾರಿ, ಎದ್ದೇಳೋ, ನೆಟ್ಟಗೆ ನಿಲ್ಲೋ, ಯಾವ ಸುಖಕ್ಕೆ ಹುಟ್ಟಿದ್ಯೋ, ಅಯ್ಯೋ ಕರ್ಮ. ಒಂದೊಂದಕ್ಕೂ ಅರ್ಥ, ಯಾವಾಗ ಅನ್ನಬೇಕು ಅನ್ನೋದರ ಸಮೇತ. ಆತ ನಗು ತಡ್ಕೊಳ್ಳೋಕಾಗದೆ ಮಗನ ಕಡೆ ತಿರುಗಿ, "ನಿನ್ನೆ ಬಂದವನ ಜೊತೆ ಇಷ್ಟು ಹಳೇ ಜಗಳ ಇರೋಕೆ ಸಾಧ್ಯವಿಲ್ಲ, ನನಗೂ ಮನೆ ಇದೆ, ಹೆಂಡತಿ ಇದಾಳೆ" ಅಂದ. ಪೆನ್ನಿನ ಮುಚ್ಚಳ ತೆಗೆದ. ಏನು ಬರೆದ ಅಂತ ತೋರಿಸಲಿಲ್ಲ, ನೋಡೋಣ ಅಂದು ಹೊರಟ. ಹೊರಡೋ ಮುಂಚೆ ಉಪ್ಪಿಲ್ಲದ ಸೂಪು ಒಂದು ಬಟ್ಟಲು ಕುಡಿಸಿದೆ, ಟೀಚರಮ್ಮ ಹೇಳಿದ್ದು ಸರಿ ಅಂತ ಮುಖದಲ್ಲೇ ಗೊತ್ತಾಯ್ತು.

ಇಷ್ಟು ವರ್ಷ ನಿನ್ನ ಬೈಗುಳದಿಂದ ಯಾವನೂ ಉದ್ಧಾರ ಆಗಿಲ್ಲ ಅಂತ ನಾನು ತಮಾಷೆ ಮಾಡ್ತಿದ್ದೆ, ಈಗ ಬಾಯಿ ಮುಚ್ಕೊಂಡಿದೀನಿ. ಮಂಡಿಗೆ ಎಣ್ಣೆ ಹಚ್ಚು, ಮೆಷಿನ್ ತುಳಿಯೋದನ್ನ ಪಕ್ಕದ ಮನೆ ಹುಡುಗಿಗೆ ಕೊಡು, ಡಾಕ್ಟ್ರ ಹತ್ರ ಹೋಗು. ನಿನ್ನ ಸೊಸೆ ನಮಸ್ಕಾರ ಹೇಳ್ತಿದಾಳೆ, ಪಕ್ಕದಲ್ಲೇ ಕೂತು ಬೂಟಿನ ವಿಷಯ ಬರೆದೆಯಾ ಅಂತ ಇಣುಕ್ತಿದಾಳೆ. ಟೀಚರಮ್ಮನೂ ನಿನ್ನನ್ನ ಕೇಳಿದಾರೆ, ಹೊಸ ಬೈಗುಳ ಏನಾದ್ರೂ ಇದ್ರೆ ಬರೆಸಿ ಕಳಿಸಬೇಕಂತೆ. ಪುಟ್ಟಿಗೆ ಎರಡೂ ಕೆನ್ನೆಗೆ ಮುತ್ತು. ನಿನ್ನ ಆಶೀರ್ವಾದ ಇರಲಿ, ಬೈಗುಳವೂ ಇರಲಿ.

ನಿನ್ನ ಮಗ,
ಮಹಾರಾಜ

ತಾ.ಕ.: ಮರೆತಿದ್ದೆ ಅಂದ್ಕೋಬೇಡ, ಬೇಕಂತಲೇ ಕೊನೇಗೆ ಇಟ್ಟಿದೀನಿ. ಮೊದಲೇ ಬರೆದಿದ್ರೆ ನೀನು ಮಿಕ್ಕಿದ್ದು ಕೇಳದೆ ಆ ಮಂಡೀಲೇ ಬೀದಿಗೆ ಓಡಿರ್ತಿದ್ದೆ. ಕಾಗದ ಬಂತಮ್ಮಾ. ಇಬ್ಬರದೂ ಬಂತು. ಮುಂದಿನ ತಿಂಗಳು ಊರಿಗೆ ಬರ್ತಿದೀವಿ, ಹೋಗಿ ಮತ್ತೆ ಬರಬಹುದು ಅಂತ ಮುದ್ರೆ ಒತ್ತಿ ಕೊಟ್ಟಿದಾರೆ. ಅಳಬೇಡ, ಪುಟ್ಟಿಗೆ ಓದೋಕೆ ಬಿಡು. ಪುಟ್ಟೀ, ಇಲ್ಲಿಂದ ನಿನಗೆ. ಅಜ್ಜಿ ಕಲಿಸಿದ್ದನ್ನ ನೀನು ಇಷ್ಟು ದಿನ ತುಂಬಾ ಚೆನ್ನಾಗಿ ಹೇಳಿದೀಯ, ಇನ್ನು ಸಾಕು. ನಾನು ಬಂದ ಮೇಲೆ ಬಾಗಿಲಲ್ಲಿ ಬೆಲ್ ಆದ್ರೆ ನಾನು ಎದ್ದು ಮಂಚದ ಕೆಳಗೆ ನುಗ್ಗಿದ್ರೂ ನುಗ್ಗಬಹುದು, ನಗಬೇಡ, ಕಾಲು ಹಿಡಿದು ಎಳಿ. ಆಮೇಲೆ ನೀನೇ ಹೋಗಿ ಬಾಗಿಲು ತೆಗಿ. ಯಾರೇ ಬಂದು ನಿಮ್ಮಪ್ಪ ಇದಾರಾ ಅಂತ ಕೇಳಲಿ, "ಇದಾರೆ, ಒಳಗಿದಾರೆ" ಅನ್ನು. ಸ್ವಲ್ಪ ಜೋರಾಗಿ ಹೇಳು ಮಗಳೇ, ನನಗೆ ಕೇಳಿಸ್ಬೇಕು.